ರಾಕ್ಷಸನಿಗೊಂದು ಪಾರ್ಸೆಲ್

ನಾನು ಜೀವಮಾನದಲ್ಲಿ ಯಾರ ಮೇಲೂ ಏನನ್ನೂ ಎಸೆದವನಲ್ಲ. ಎಸೆಯಬೇಕೆಂದು ಅನ್ನಿಸಿಯೇ ಇಲ್ಲ ಎಂದಲ್ಲ. ಹೋಟೆಲಿನ ಮ್ಯಾನೇಜರನಾಗಿದ್ದವನಿಗೆ ಅದು ದಿನಕ್ಕೆ ಹಲವು ಸಲ ಅನ್ನಿಸುತ್ತದೆ. ಆದರೆ ನನ್ನ ಕೈಗೆ ಗುರಿಯೆಂಬುದೇ ಇಲ್ಲ. ಮದುವೆಮನೆಯಲ್ಲಿ ಅಕ್ಷತೆ ಹಾಕಿದರೆ ಅದು ವಧೂವರರನ್ನು ತಲುಪುವುದಿಲ್ಲ, ಎದುರು ಸಾಲಿನಲ್ಲಿ ನಿಂತ ಯಾರದೋ ಬಕ್ಕತಲೆಯ ಮೇಲೆ ಬೀಳುತ್ತದೆ. ಅವರು ತಿರುಗಿ ನೋಡಿದಾಗ ನಾನು ಪಕ್ಕದವರ ಮುಖವನ್ನು ಅನುಮಾನದಿಂದ ನೋಡುತ್ತೇನೆ. ಕಸದ ಬುಟ್ಟಿಗೆ ಕಾಗದದ ಉಂಡೆ ಎಸೆಯುವ ಶೋಕಿಯನ್ನೂ ನಾನು ಬಿಟ್ಟು ಬಹಳ ಕಾಲವಾಯಿತು. ಎದ್ದು ಹೋಗಿ ಹಾಕಿ ಬರುತ್ತೇನೆ. ಇಂಥ ನಾನು ಅರವತ್ತರ ಹೊಸ್ತಿಲಲ್ಲಿ ನಿಂತು ಎಸೆಯುವ ಆಯುಧಗಳನ್ನು ತಯಾರಿಸುವ ಕಸುಬಿಗೆ ಇಳಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ನನ್ನ ಹೆಂಡತಿ ಸುಮತಿ ಕಣ್ಣಾರೆ ಕಂಡೂ ನಂಬಲಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಈಗ ಎಲ್ಲ ಸುಸೂತ್ರವಾಗಿ ಮುಗಿದಿದೆ, ಮತ್ತು ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಸಿಕ್ಕಿಲ್ಲ.

ಇದಕ್ಕೆಲ್ಲ ಮೂಲ ಕಾರಣ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ನಮ್ಮ ಹೋಟೆಲು ಇದ್ದ ಬಿಲ್ಡಿಂಗು. ಅದು ರಿಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಟವರ್ ಎಬ್ಬಿಸುವವರೆಗೆ ಹೋಟೆಲಿಗೆ ಬೀಗ. "ಹೊಸತಾದ ಮೇಲೆ ಕ್ಯಾಷಿನ ಗಲ್ಲದಲ್ಲಿ ನೀವೇ ಕೂರಬೇಕು" ಎಂದು ಧಣಿಗಳು ಪ್ರೀತಿಯಿಂದಲೇ ಹೇಳಿ ಕಳಿಸಿದರು. ಊರಿನಿಂದ ಬಂದು ಅದೇ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ನೂಲು ಸುತ್ತುತ್ತ ನಿಂತವನು ನಾನು; ಗಲ್ಲಕ್ಕೆ ಬರುವಷ್ಟರಲ್ಲಿ ಕೂದಲು ನರೆತಿತ್ತು. ಈ ಎಲ್ಲ ವರ್ಷಗಳಲ್ಲಿ ಒಂದು ಆದಿತ್ಯವಾರವೂ ನಾನು ಮನೆಯಲ್ಲಿ ಇದ್ದ ನೆನಪಿಲ್ಲ. ಜಗತ್ತಿಗೆಲ್ಲ ರಜೆಯಿದ್ದ ದಿನ ಹೋಟೆಲಿನವನಿಗೆ ಪುರುಸೊತ್ತಿರುವುದಿಲ್ಲ. ನನ್ನ ಮಗಳು ಶ್ರಾವ್ಯ ಬೆಳೆದದ್ದನ್ನು ನಾನು ಹೆಚ್ಚಾಗಿ ಅವಳು ಮಲಗಿದ್ದಾಗಲೇ ನೋಡಿದ್ದು. ಪ್ರತಿ ವರ್ಷ ಚಾದರದೊಳಗೆ ಸ್ವಲ್ಪ ಉದ್ದವಾಗಿರುತ್ತಿದ್ದಳು. ಈಗ ಅವಳು ಯಾವುದೋ ಆಫೀಸಿನಲ್ಲಿ ಚಿತ್ರ ಬಿಡಿಸುವ ಕೆಲಸ ಮಾಡುತ್ತಾಳೆ. ಅವಳ ಕನ್ನಡ ಕುಂಟುತ್ತದೆ, ನನ್ನ ಇಂಗ್ಲಿಷು ತೆವಳುತ್ತದೆ, ಹಾಗಾಗಿ ನಾವಿಬ್ಬರೂ ಹೆಚ್ಚಾಗಿ ಸುಮತಿಯ ಮೂಲಕ ಮಾತಾಡಿಕೊಳ್ಳುತ್ತಿದ್ದೆವು.

ಹೋಟೆಲು ಮುಚ್ಚಿದ ಮೇಲಿನ ಮೊದಲ ಆದಿತ್ಯವಾರ ಚೆಂಬೂರಿನ ಮನೆಯಲ್ಲಿ ಆರಾಮವಾಗಿ ಊಟ ಮಾಡೋಣವೆಂದು ಹಾಲಿಗೆ ಬಂದರೆ ನನ್ನ ಊಟದ ಮೇಜು ನನ್ನದಾಗಿರಲಿಲ್ಲ. ಶ್ರಾವ್ಯ ಮತ್ತವಳ ಗೆಳೆಯರು ಅದನ್ನು ಆಕ್ರಮಿಸಿದ್ದರು. ಅವರು ಪ್ರತಿ ಆದಿತ್ಯವಾರವೂ ಅಲ್ಲಿ ಕೂತು ಒಂದು ಆಟ ಆಡುತ್ತಾರಂತೆ, ಎರಡು ವರ್ಷದಿಂದ. ಅದೂ ಒಂದೇ ಆಟವನ್ನು! ಆಟವೆಂದರೆ ಇಸ್ಪೀಟು, ಕೇರಂ ಎಂದು ತಿಳಿದಿದ್ದವನು ನಾನು. ಇದರಲ್ಲಿ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಮೇಜಿನ ಸುತ್ತ ಕೂತು ಮಾತಾಡುತ್ತಾರೆ, ಅಷ್ಟೆ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ವೇಷ. "ಎದುರಿಗೆ ಗುಹೆ ಇದೆ, ಏನು ಮಾಡುತ್ತೀರಿ?" ಎಂದು ಕಥೆಯವರು ಕೇಳಿದರೆ ವೇಷದವರು "ಒಳಗೆ ಹೋಗುತ್ತೇನೆ" ಅಥವಾ "ಕತ್ತಿ ಬೀಸುತ್ತೇನೆ" ಎನ್ನಬೇಕು. ಬೀಸಿದ ಕತ್ತಿ ತಗಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ಒಂದು ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ತಗಲಿತು, ಕಡಿಮೆ ಬಿದ್ದರೆ ಇಲ್ಲ. ಕಥೆ ಹೇಳುವವಳು ನನ್ನ ಮಗಳು. ಕತ್ತಿ ಬೀಸುವವನು ಕೆಳಗಿನ ಮಾಳಿಗೆಯ ಪರಾಗ್. ಮಂತ್ರ ಹಾಕುವವಳು ಅವಳ ಆಫೀಸಿನ ಜೆನಿಫರ್, ನಮ್ಮ ಮಂಗಳೂರಿನ ಕಡೆಯವಳೇ. ನಾಲ್ಕನೆಯವನು ಕುಣಾಲ್ ಎಂಬವನು. ಅವನನ್ನು ಕೆಲವು ತಿಂಗಳ ಮಟ್ಟಿಗೆ ಪುಣೆಯ ಆಫೀಸಿಗೆ ಹಾಕಿದ್ದರಿಂದ ಅವನ ಕುರ್ಚಿ ಖಾಲಿಯಿತ್ತು.

ಆ ಖಾಲಿ ಕುರ್ಚಿಗೆ ನನ್ನನ್ನು ತಳ್ಳಿದವಳು ಸುಮತಿ. "ನೀವು ಹೋಗಿ ಅಲ್ಲಿ ಕೂತ್ಕೊಳ್ಳಿ ಮಾರಾಯ್ರೆ. ಅಡುಗೆಮನೆಯಲ್ಲಿ ನನ್ನ ಹಿಂದೆ ಮುಂದೆ ತಿರುಗಿ ಒಗ್ಗರಣೆಗೆ ಸಾಸಿವೆ ಎಷ್ಟು ಹಾಕ್ಬೇಕು ಅಂತ ಹೇಳುವುದಕ್ಕಿಂತ ಅದು ಒಳ್ಳೇದು" ಎಂದಳು. ಶ್ರಾವ್ಯಳ ಮುಖ ಒಂದು ಕ್ಷಣ ಸಣ್ಣಗಾಯಿತು. ನಾನು ಗಲ್ಲದಲ್ಲಿ ಕೂತು ಸಾವಿರಾರು ಮುಖಗಳನ್ನು ನೋಡಿದವನು, ನನಗೆ ಅದು ಕಾಣದೆ ಇರಲಿಲ್ಲ. ಗೆಳೆಯರ ಎದುರು ಅಪ್ಪ ಏನು ಮರ್ಯಾದೆ ತೆಗೆಯುತ್ತಾನೋ ಎಂಬ ಮುಖ ಅದು. ಆಮೇಲೆ ಅವಳು ಹೇಳಿದಳು: "ಓಕೆ ಪಪ್ಪಾ. ಪರ್ ಏಕ್ ಬಾತ್. ಟೇಬಲ್ ಮೇಲೆ ನಾನು ನಿಮ್ಮ ಮಗಳು ಅಲ್ಲ. ನಿಮ್ಮ ಕ್ಯಾರೆಕ್ಟರ್ ಸತ್ತರೆ ಸತ್ತ, ಹೊಸದು ಕೊಡೂದಿಲ್ಲ. ಸ್ಟೋರಿ ಎಂಡಿಂಗ್‌ಗೆ ಬಂದಿದೆ. ಕುಣಾಲ್ ವಾಪಸ್ ಬರುವ ತನಕ ಬದುಕಿದ್ರೆ, ದೇಖೇಂಗೆ." ಅಂದರೆ ನನ್ನ ವೇಷ ಸತ್ತ ದಿನ ನಾನು ಕುರ್ಚಿ ಬಿಟ್ಟು ಬೆಡ್‌ರೂಮಿಗೆ ಹೋಗಿ ಟಿವಿ ನೋಡಬೇಕು. ಆಗಲಿ, ಅದರಲ್ಲೇನಿದೆ, ಎಂದು ಆವತ್ತು ಸಲೀಸಾಗಿ ತಲೆಯಾಡಿಸಿದೆ.

ನನ್ನ ವೇಷ ಯಾವುದಿರಬೇಕೆಂದು ಕೇಳಿದರು. ಶೂರ, ಕಳ್ಳ, ಮಾಂತ್ರಿಕ, ಬೇಟೆಗಾರ, ಹೀಗೆ ಎಷ್ಟೋ ಇದ್ದವು. ನಾನು ಯೋಚಿಸದೆ "ಅಡುಗೆಯವನು" ಎಂದೆ. ಹೆಸರು ಬಾಬಣ್ಣ. ಹೊಸ ವೇಷಕ್ಕೆ ಪೇಟೆಯಲ್ಲಿ ಸಾಮಾನು ಕೊಳ್ಳಲು ಒಂದು ಚೀಲ ಚಿನ್ನದ ನಾಣ್ಯ ಕೊಡುತ್ತಾರೆ. ಡ್ರ್ಯಾಗನ್ ಎಂಬ ಬೆಂಕಿಯುಗುಳುವ ಹಾವಿನ ಗುಹೆಗೆ ಹೊರಟ ತಂಡವಿದು, ಹಾಗಾಗಿ ಬುದ್ಧಿಯುಳ್ಳವರು ಆ ನಾಣ್ಯದಲ್ಲಿ ಕತ್ತಿ, ಗುರಾಣಿ ಕೊಳ್ಳುತ್ತಾರೆ. ನಾನು ಹೋಟೆಲಿನವನು, ಖರೀದಿ ಎಂದ ಕೂಡಲೇ ತಲೆ ಒಂದೇ ದಿಕ್ಕಿಗೆ ಓಡುತ್ತದೆ. ಒಂದು ಕಬ್ಬಿಣದ ಕಾವಲಿ, ಇಡ್ಲಿ ತಟ್ಟೆಗಳು, ದೊಡ್ಡ ಸೌಟು, ಒಂದು ಮೂಟೆ ಹಿಟ್ಟು, ಒಂದು ಚೀಲ ಮೆಣಸಿನ ಪುಡಿ, ಒಂದು ಕಟ್ಟು ಬಾಳೆಯೆಲೆ, ಒಂದು ಉಂಡೆ ನೂಲು. ಶ್ರಾವ್ಯ ಎಲ್ಲವನ್ನೂ ಕೇಳಿಕೊಂಡು "ಔರ್ ಹತಿಯಾರ್?" ಎಂದಳು. ಆಯುಧಕ್ಕೆ ದುಡ್ಡು ಉಳಿದಿರಲಿಲ್ಲ. "ಅಂಕಲ್, ಡ್ರ್ಯಾಗನ್ ಕೋ ಇಡ್ಲಿ ಖಿಲಾಯೇಂಗೆ ಕ್ಯಾ?" ಎಂದು, ನಾನು ಹಾವಿಗೆ ತಿಂಡಿ ಬಡಿಸಲು ಹೊರಟವನೆಂಬಂತೆ, ಪರಾಗ್ ತಲೆ ಹಿಡಿದುಕೊಂಡ. ನನಗೂ ಸ್ವಲ್ಪ ಸಿಟ್ಟು ಬಂತು. ಇಷ್ಟು ಜನ ಕಾಡಿಗೆ ಹೊರಟಿದ್ದೀರಿ, ಹಸಿವಾದರೆ ಏನು ಮಾಡುತ್ತೀರಿ, ಇಷ್ಟು ದಿನ ಏನು ತಿಂದಿರಿ, ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಎರಡು ವರ್ಷದಿಂದ ಕಥೆಯೊಳಗೆ ಬೆಟ್ಟ ಹತ್ತಿ, ನದಿ ದಾಟಿ, ಯುದ್ಧ ಮಾಡುತ್ತಿದ್ದ ಈ ಮಕ್ಕಳು ಒಂದೇ ಒಂದು ಸಲವೂ ಊಟ ಮಾಡಿರಲಿಲ್ಲ.

ಅಂತೂ ಬಾಬಣ್ಣ ನಿರಾಯುಧನಾಗಿ ಹೊರಟ. ಹೀಗಾಗಿಯೇ ನಾನು ಆಯುಧ ತಯಾರಿಕೆಗೆ ಇಳಿಯಬೇಕಾಯಿತು. ಕೈಗೆ ಸಿಕ್ಕ ಯಾವ ವಸ್ತುವನ್ನಾದರೂ ಎಸೆಯಬಹುದು, ಆದರೆ ಅದನ್ನು ಹೇಗೆ ಸಿದ್ಧಪಡಿಸಿದೆ ಎಂದು ವಿವರಿಸಿ ಕಥೆಯವಳನ್ನು ಒಪ್ಪಿಸಬೇಕು, ಇದು ನಿಯಮ. ನಾನು ಮೊದಲು ಕೈ ಹಾಕಿದ್ದು ಇಡ್ಲಿ ತಟ್ಟೆಗೆ. ಅದರ ಅಂಚನ್ನು ಹೊಳೆಬದಿಯ ಕಲ್ಲಿಗೆ ತಿಕ್ಕಿ ತಿಕ್ಕಿ ಹರಿತ ಮಾಡಿದೆ. ನಡುವಿನ ತೂತಿಗೆ ಬೆರಳು ತೂರಿಸಿ ಗಿರ್ರನೆ ತಿರುಗಿಸಿ ಬಿಟ್ಟರೆ ಹೋಗುತ್ತದೆ ಎಂದು ಎದ್ದು ನಿಂತು ತೋರಿಸಿದೆ. ಶ್ರಾವ್ಯ ಯೋಚಿಸಿ ಒಪ್ಪಿದಳು. ಎದುರಾದ ಗಿಡ್ಡ ಪಿಶಾಚಿಗಳ ಗುಂಪಿನ ಮೇಲೆ ಬಾಬಣ್ಣ ತಟ್ಟೆಗಳನ್ನು ಬಿಟ್ಟ. ದಾಳ ನನ್ನ ಕಡೆಗಿತ್ತು. ಪಿಶಾಚಿಗಳು ಒಂದರ ಮೇಲೊಂದು ಬಿದ್ದವು. ಜೆನಿಫರ್ ಕುರ್ಚಿಯ ಮೇಲೆ ಹತ್ತಿ "ಅಂಕಲ್, ಭಾರೀ ಲಾಯ್ಕ!" ಎಂದು ಕೂಗಿದಳು. ಪರಾಗ್ ನನ್ನ ಬೆನ್ನಿಗೆ ಗುದ್ದಿದ. ಶ್ರಾವ್ಯಳ ಎದುರು ಒಂದು ರಟ್ಟಿನ ಮರೆ ಇರುತ್ತದೆ, ಕಥೆಯ ಗುಟ್ಟು ಯಾರಿಗೂ ಕಾಣದಿರಲಿ ಎಂದು. ಆ ಮರೆಯ ಹಿಂದೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನನ್ನ ಮಗಳು ನನ್ನ ಕಾರಣದಿಂದ ನಕ್ಕದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗೆ ಆದ ಸಂತೋಷಕ್ಕೆ ರಾತ್ರಿ ಎರಡು ಚಪಾತಿ ಹೆಚ್ಚು ತಿಂದೆ.

ಅಲ್ಲಿಂದ ಮುಂದೆ ಮನೆಯ ಹವೆಯೇ ಬದಲಾಯಿತು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೂ ಶ್ರಾವ್ಯ ಚಪ್ಪಲಿ ಹಾಕಿಕೊಳ್ಳುತ್ತ "ಪಪ್ಪಾ, ಬಾಬಣ್ಣ ಕ್ಯಾ ಸೋಚ್ ರಹಾ ಹೈ?" ಎಂದು ಕೇಳುತ್ತಿದ್ದಳು. ನಾನು ತೆಂಗಿನ ಗೆರಟೆಯಲ್ಲಿ ಬೂದಿ ತುಂಬುವ ಯೋಜನೆ ವಿವರಿಸಿದರೆ "ವೇಟ್ ಎಷ್ಟು? ಎಷ್ಟು ದೂರ ಹೋಗ್ತದೆ?" ಎಂದು ಅಡ್ಡಪ್ರಶ್ನೆ ಹಾಕಿ, ಸಂಜೆ ಲೋಕಲ್ ಟ್ರೇನಿನಿಂದಲೇ ಮೆಸೇಜು ಮಾಡಿ ತೀರ್ಪು ಕೊಡುತ್ತಿದ್ದಳು. ಮಧ್ಯದಲ್ಲಿ ಸುಮತಿ ಬೇಕಾಗಲಿಲ್ಲ. ಬಾಬಣ್ಣ ಸತ್ತರೆ ಅದರಲ್ಲೇನಿದೆ ಎಂದುಕೊಂಡಿದ್ದ ನನಗೆ ಈಗ ಅವನಿಗೆ ಕೆಮ್ಮು ಬಂದರೂ ಗಾಬರಿ. ಅವನು ಹೋದರೆ ಆದಿತ್ಯವಾರ ಹೋಗುತ್ತದೆ, ಆದಿತ್ಯವಾರ ಹೋದರೆ ಚಪ್ಪಲಿ ಹಾಕಿಕೊಳ್ಳುತ್ತ ಕೇಳುವ ಪ್ರಶ್ನೆಯೂ ಹೋಗುತ್ತದೆ ಎಂದು ಚೆನ್ನಾಗಿ ಅರ್ಥವಾಗಿತ್ತು. ಹಾಗಾಗಿ ನಾನು ಅವನನ್ನು ಯಾವಾಗಲೂ ತಂಡದ ಕೊನೆಯಲ್ಲಿ, ಪರಾಗನ ಗುರಾಣಿಯ ಹಿಂದೆ ನಡೆಸುತ್ತಿದ್ದೆ. ಇದನ್ನು ಹೇಡಿತನ ಎನ್ನುವವರು ಎನ್ನಲಿ.

ಅವನನ್ನು ಸಾವಿನ ಬಾಯಿಗೆ ತಂದು ನಿಲ್ಲಿಸಿದವನೂ ನಾನೇ. ಇನ್ನೊಂದು ಆದಿತ್ಯವಾರ, ಗುಹೆಯೊಳಗೆ ಪಿಶಾಚಿಗಳ ಮತ್ತೊಂದು ದಂಡು ಬಂತು, ತಟ್ಟೆ ಬೀಸಿ ಗೆದ್ದೆವು. ಹಿಂದಿನಿಂದ ಏನೋ ದೊಡ್ಡದು ಬರುತ್ತಿರುವ ಸದ್ದಾಗುತ್ತಿದೆ ಎಂದು ಶ್ರಾವ್ಯ ದನಿ ತಗ್ಗಿಸಿ ಹೇಳಿದಳು. ಪರಾಗ್ "ಭಾಗೋ!" ಎಂದ. ಜೆನಿಫರ್ ಓಡಿದಳು. "ಪಪ್ಪಾ, ನೀವು?" ಎಂದು ಶ್ರಾವ್ಯ ಕೇಳಿದಳು. ನಾನು ಹೇಳಿದೆ: "ನಾನು ಎಸೆದ ತಟ್ಟೆಗಳನ್ನೆಲ್ಲ ಹೆಕ್ಕಿ, ತೊಳೆದು, ಎಣಿಸಿ ಚೀಲಕ್ಕೆ ಹಾಕುತ್ತೇನೆ." ಅದು ಬಾಯಿಂದ ತಾನಾಗಿ ಬಂದ ಮಾತು. ಊಟ ಬಡಿಸಲು ಹೋದ ಕಡೆ ಪಾತ್ರೆ ಎಣಿಸದೆ ಹೊರಡುವ ಅಡುಗೆಯವನನ್ನು ನಾನು ಇದುವರೆಗೆ ಕಂಡಿಲ್ಲ. ಒಂದು ಸೌಟು ಕಡಿಮೆಯಾದರೂ ಟೆಂಪೋ ನಿಲ್ಲಿಸಿ ವಾಪಸು ಹೋದವರು ನಾವು. "ಆರ್ ಯೂ ಶೂರ್?" ಎಂದು ಶ್ರಾವ್ಯ ಎರಡು ಸಲ ಕೇಳಿದಳು. ಆ ಲೋಕದಲ್ಲಿ ಅದು ಎಚ್ಚರಿಕೆಯಂತೆ; ನಾನು ಮರ್ಯಾದೆಗೆ ಕೇಳುತ್ತಿದ್ದಾಳೆ ಎಂದುಕೊಂಡೆ. ಒಂದು ತಟ್ಟೆ ಕಡಿಮೆಯಿತ್ತು. ಅದನ್ನು ಹುಡುಕುತ್ತಿರುವಾಗ ಗುಹೆಯ ಬಾಯಿ ಕತ್ತಲಾಯಿತು. ಮನೆ ಮಾಳಿಗೆಯಷ್ಟು ಎತ್ತರದ ಒಬ್ಬ ರಾಕ್ಷಸ ಗದೆ ಹಿಡಿದು ನಿಂತಿದ್ದ. ನನ್ನನ್ನು ಬಿಟ್ಟು ಹೋಗಲಾರದೆ ತಿರುಗಿ ಬಂದ ಪರಾಗ್, ಜೆನಿಫರ್ ಇಬ್ಬರೂ ಗಾಯಗೊಂಡು ನನ್ನ ಹಿಂದೆ ಬಿದ್ದರು. ತಟ್ಟೆ, ಕಾವಲಿ, ಸೌಟುಗಳ ಚೀಲ ರಾಕ್ಷಸನ ಪಾದದ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು.

"ನೆಕ್ಸ್ಟ್ ಸಂಡೇ ಫಸ್ಟ್ ಟರ್ನ್ ನಿಮ್ದು" ಎಂದು ಶ್ರಾವ್ಯ ರಟ್ಟಿನ ಮರೆ ಮಡಚಿದಳು. "ಒಂದು ಚಾನ್ಸ್. ಮಿಸ್ ಆದ್ರೆ ಗದೆ ಬಾಬಣ್ಣನ ಮೇಲೆ ಬೀಳ್ತದೆ." ಬಾಬಣ್ಣನಿಗೆ ಒಂದು ಗದೆಯೇಟು ತಡೆಯುವ ಜೀವ ಉಳಿದಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅವನು ಬಿದ್ದರೆ ಹಿಂದಿದ್ದ ಇಬ್ಬರೂ ಹೋಗುತ್ತಾರೆ, ಎರಡು ವರ್ಷದ ಕಥೆ ಇಡ್ಲಿ ತಟ್ಟೆಯ ಕಾರಣಕ್ಕೆ ಮುಗಿಯುತ್ತದೆ. ಪರಾಗ್ ಬಾಗಿಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡು "ಬಾಯ್ ಅಂಕಲ್" ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಬಳಿ ಉಳಿದದ್ದು ಹಿಟ್ಟು, ಮೆಣಸಿನ ಪುಡಿ, ಬಾಳೆಯೆಲೆ ಮತ್ತು ನೂಲು. ಇವಿಷ್ಟು ಎದುರಿಗಿದ್ದರೆ ಪಾರ್ಸೆಲ್ ಕೌಂಟರಿನವನಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮೆಣಸಿನ ಪುಡಿಯ ಪೊಟ್ಟಣ ಕಟ್ಟಿ ರಾಕ್ಷಸನ ಮುಖಕ್ಕೆ ಎಸೆಯುವುದು, ಅದು ಒಡೆದು ಅವನ ಕಣ್ಣು ಮೂಗಿಗೆಲ್ಲ ಹೋಗುವುದು. ಶ್ರಾವ್ಯಳಿಗೆ ಉತ್ಸಾಹದಿಂದ ಹೇಳಿದೆ. ಅವಳು "ಒಡೀತದೆ ಅಂತ ಹೇಗೆ ಗೊತ್ತು? ಪ್ರೂವ್ ಮಾಡಿ" ಎಂದಳು. ಸರಿ, ಅಡುಗೆಮನೆಯಿಂದ ಒಂದು ಪೊಟ್ಟಣ ಮೈದಾ, ಹಳೆಯ ಪೇಪರು, ನೂಲು ಹಿಡಿದು ಬಿಲ್ಡಿಂಗಿನ ಟೆರೇಸಿಗೆ ಹೋದೆ. ಮೆಣಸಿನ ಪುಡಿಯ ಡಬ್ಬಿಯನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ಅದು ಊರಿನಿಂದ ಸುಮತಿಯ ಅಕ್ಕ ಕಳಿಸಿದ್ದು.

ಇಲ್ಲಿ ಪಾರ್ಸೆಲಿನ ಗಂಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನನಗೆ ಅದನ್ನು ಕಲಿಸಿದವರು ಕೌಂಟರಿನ ಹಿರಿಯರಾಗಿದ್ದ ವಾಸಣ್ಣ. ನಮ್ಮ ತಲೆಯ ಮೇಲೆ ಒಂದು ಡಬ್ಬಿಯಲ್ಲಿ ನೂಲಿನ ಉಂಡೆ ತೂಗುತ್ತಿತ್ತು. ಅದರ ತುದಿ ಎಳೆದು, ಹೆಬ್ಬೆರಳಿನಡಿ ಒತ್ತಿ, ನಾಲ್ಕು ಸುತ್ತು ಸುತ್ತಿ, ಒಳಗಿನಿಂದ ತೂರಿಸಿ, ಚಟ್ಟನೆ ತುಂಡು ಮಾಡಬೇಕು. ನಾನು ಕಟ್ಟಿದ ಮೊದಲ ಸಾಂಬಾರಿನ ಪಾರ್ಸೆಲನ್ನು ವಾಸಣ್ಣ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಹೇಳಿದ್ದರು: "ಇದು ಮುಂದಿನ ಸ್ಟೇಷನ್ ತನಕ ಹೋದೀತು. ಗಿರಾಕಿ ಇರೂದು ಲೈನಿನ ಆ ಕೊನೆಗೆ, ವಿರಾರ್‌ನಲ್ಲಿ. ಸಂಜೆ ವಿರಾರ್ ಲೋಕಲಿನಲ್ಲಿ ನಾಲ್ಕು ಜನರ ಹೊಟ್ಟೆ ಮಧ್ಯದಲ್ಲಿ ಸಿಕ್ಕಿದರೂ ಒಡೀಬಾರ್ದು, ಹಾಗೆ ಕಟ್ಟು ಮಗಾ." ಅಂದಿನಿಂದ ನಾನು ಕಟ್ಟಿದ್ದೆಲ್ಲ ವಿರಾರಿನ ಗಂಟೇ. ಮನೆಯಲ್ಲಿ ಕರಿಬೇವಿನ ಪೊಟ್ಟಣ ಕಟ್ಟಿದರೂ ಅದೇ. ನನ್ನ ಗಂಟು ಬಿಚ್ಚಿತೆಂದು ಯಾರೂ ಯಾವತ್ತೂ ದೂರು ತಂದವರಿಲ್ಲ, ಬಿಚ್ಚಲಾಗಲಿಲ್ಲ ಎಂದು ತಂದವರಿದ್ದಾರೆ.

ಟೆರೇಸಿನಲ್ಲಿ ನೀರಿನ ಟ್ಯಾಂಕಿಯೇ ರಾಕ್ಷಸ. ಮೊದಮೊದಲ ಪೊಟ್ಟಣಗಳು ಟ್ಯಾಂಕಿಯ ಆಚೆ ಈಚೆ ಹೋದವು. ಅದು ನನ್ನ ಗುರಿಯ ದೋಷ. ಹತ್ತಿರ ಹೋಗಿ ನಿಂತು ಎಸೆದೆ, ತಗಲಿತು. ತಗಲಿ, ದೊಪ್ಪನೆ ಕೆಳಗೆ ಬಿತ್ತು. ಎತ್ತಿ ನೋಡಿದರೆ ಒಂದು ಚಿಟಿಕೆ ಹಿಟ್ಟೂ ಹೊರಗೆ ಬಂದಿರಲಿಲ್ಲ. ಇನ್ನೂ ಜೋರಾಗಿ ಎಸೆದೆ. ಕಾಲಿನಡಿ ಹಾಕಿ ತುಳಿದೆ. ಆಗಲೂ ಇಲ್ಲ. ಸರಿ, ಸಡಿಲವಾಗಿ ಕಟ್ಟೋಣವೆಂದು ಕೂತರೆ ಕೈಗೆ ಅದು ಬರುವುದೇ ಇಲ್ಲ! ಬೆರಳುಗಳು ನನ್ನ ಮಾತು ಕೇಳದೆ ನಾಲ್ಕು ಸುತ್ತು ಸುತ್ತಿ ಚಟ್ಟೆನ್ನಿಸಿಬಿಡುತ್ತವೆ. ಹಟ ಹಿಡಿದು ಎರಡೇ ಸುತ್ತಿಗೆ ನಿಲ್ಲಿಸಿದೆ. ಕೈ ಎತ್ತುವ ಮೊದಲೇ ಅದು ಬಿಚ್ಚಿಕೊಂಡು ಹಿಟ್ಟೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಒಡೆಯದ ಹಾಗೆ ಕಟ್ಟಲು ಕಲಿತೇ ಅರ್ಧ ಆಯುಷ್ಯ ಕಳೆದವನು, ಬೇಕಾದಾಗ ಮಾತ್ರ ಒಡೆಯುವ ಹಾಗೆ ಕಟ್ಟಲು ಈಗ ಎಲ್ಲಿಂದ ಕಲಿಯಲಿ?

ಆ ಹೊತ್ತಿಗೆ ಸರಿಯಾಗಿ ಒಣಗಿದ ಬಟ್ಟೆ ತೆಗೆಯಲು ಸುಮತಿ ಬಂದಳು. ಮೀಸೆಯ ತನಕ ಬೆಳ್ಳಗಾಗಿ ನಿಂತ ಗಂಡನನ್ನು ನೋಡಿದಳು, ಟ್ಯಾಂಕಿಯ ಬುಡದಲ್ಲಿ ಬಿದ್ದ ಪೊಟ್ಟಣಗಳನ್ನು ನೋಡಿದಳು.

"ಎಂತ ಮಾಡ್ತಾ ಇದ್ದೀರಿ?"

"ಆಯುಧ."

"ಹೊಸ ಪ್ಯಾಕೆಟಿನ ಮೈದಾವಾ?"

ನಾನು ಪ್ಯಾಕೆಟನ್ನು ಬೆನ್ನ ಹಿಂದೆ ಸರಿಸಿದೆ. ಹೋಟೆಲು ಮುಚ್ಚಿದ್ದು ಇವರ ತಲೆಗೆ ಏರಿದೆಯೋ ಎಂಬಂತೆ ಅವಳು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ನಾನು ಕಷ್ಟ ಹೇಳಿಕೊಂಡೆ: ಒಡೆಯುತ್ತಿಲ್ಲ, ಒಡೆಯದಿದ್ದರೆ ಬಾಬಣ್ಣ ಸಾಯುತ್ತಾನೆ, ಅವನು ಸತ್ತರೆ ಆದಿತ್ಯವಾರ ನಾನು ಪುನಃ ನಿನ್ನ ಅಡುಗೆಮನೆಗೇ ಬರಬೇಕು. ಕೊನೆಯ ಮಾತು ಅವಳಿಗೆ ನಾಟಿತು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಪೊಟ್ಟಣ ಎತ್ತಿ ಬೀಸಿ ಎಸೆದಳು. ಅದು ಟ್ಯಾಂಕಿಯ ನಟ್ಟನಡುವಿಗೆ ಬಡಿದ ಸದ್ದಿಗೆ ಪಾರಿವಾಳಗಳು ಎದ್ದು ಹಾರಿದವು. ಇಷ್ಟು ವರ್ಷ ಇವಳೊಡನೆ ಜಗಳವಾಡಿಯೂ ನಾನು ಸುರಕ್ಷಿತನಾಗಿ ಉಳಿದದ್ದು ಅವಳ ಒಳ್ಳೆಯತನ ಎಂದು ಆಗ ಗೊತ್ತಾಯಿತು. ಆದರೆ ಪೊಟ್ಟಣ ಮಾತ್ರ ಇಡಿಯಾಗಿಯೇ ಕೆಳಗೆ ಬಿತ್ತು. "ಕಟ್ಟಿದ್ದು ಗಟ್ಟಿ ಉಂಟು ಬಿಡಿ" ಎಂದಳು, ಅಷ್ಟರಮಟ್ಟಿಗೆ ಮೆಚ್ಚಿಗೆಯಿಂದಲೇ. ಹಿಂದಿನಿಂದ ಇನ್ನೊಂದು ದನಿ ಬಂತು: "ನೋಟೆಡ್." ಆಫೀಸಿನಿಂದ ಬಂದ ಶ್ರಾವ್ಯ ಮನೆಗೆ ಬೀಗ ಕಂಡು ಮೇಲೆ ಬಂದು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

ಆದಿತ್ಯವಾರ ಬಂತು. ನನಗೆ ಬೆಳಗಿನ ತಿಂಡಿ ಸೇರಲಿಲ್ಲ. ಮೇಜಿನ ಎದುರು ಕೂತು ಬಾಬಣ್ಣನ ಜೀವ, ಸಾಮಾನು ಬರೆದಿಟ್ಟ ಕಾಗದವನ್ನು ಮೂರು ಸಲ ಓದಿದೆ. ಹಿಂದೆ ಹೋಟೆಲಿಗೆ ತನಿಖೆಯವರು ಬಂದಾಗಲೂ ನಾನು ಇಷ್ಟು ಗಾಬರಿಪಟ್ಟಿರಲಿಲ್ಲ. ಬಾಬಣ್ಣ ಬಾಳೆಯೆಲೆಯ ಪೊಟ್ಟಣವನ್ನು ರಾಕ್ಷಸನ ಮುಖಕ್ಕೆ ಗುರಿಯಿಟ್ಟು ಎಸೆಯುತ್ತಾನೆ ಎಂದೆ. ದಾಳ ಉರುಳಿಸಿದೆ. ಅದು ಮೇಜಿನ ಅಂಚಿನವರೆಗೆ ಹೋಗಿ, ಯೋಚಿಸಿ, ನಿಂತಿತು. ಹತ್ತೊಂಬತ್ತು! ಬೇಕಾದ ಹೊತ್ತಿಗೆ ಸರಿಯಾಗಿ ನಾನು ಎಸೆದದ್ದು ಗುರಿ ಮುಟ್ಟಿತ್ತು. ಪರಾಗ್ ಎದ್ದು ನಿಂತ. ಆದರೆ ಶ್ರಾವ್ಯ ಕೈಯೆತ್ತಿದಳು. "ಹಿಟ್ ಆಯ್ತು. ಬಟ್ ಪ್ಯಾಕೆಟ್ ಒಡೀಲಿಲ್ಲ. ಐ ಸಾ ಇಟ್ ಆನ್ ದ ಟೆರೇಸ್. ಸಾರಿ ಪಪ್ಪಾ. ಅದು ಅವನ ಮೂಗಿಗೆ ಬಡಿದು ಅವನ ಕೈಯೊಳಗೆ ಬಿತ್ತು. ಅವನು ಅದನ್ನು ನೋಡ್ತಾ ಇದ್ದಾನೆ." ಪರಾಗ್ ಮೇಜಿನ ಮೇಲೆ ಹಣೆ ಊರಿದ. ತೀರ್ಪು ನ್ಯಾಯವಾಗಿತ್ತು, ಅದೇ ದುಃಖ. ನನ್ನ ಮಗಳು ಮುಲಾಜು ನೋಡಲಿಲ್ಲವೆಂದು ಹೆಮ್ಮೆಪಡಬೇಕೋ, ನನ್ನ ಗಂಟನ್ನು ಶಪಿಸಬೇಕೋ ತಿಳಿಯದೆ ಕೂತೆ. ಅವಳು ನಿಧಾನವಾಗಿ "ಅಬ್ ಉಸ್ಕಾ ಟರ್ನ್" ಎಂದು ರಾಕ್ಷಸನ ಸರದಿ ಸಾರಿದಳು.

"ಒಂದು ನಿಮಿಷ" ಎಂದೆ. ಹೋಟೆಲಿನವನ ಬುದ್ಧಿ ಕೊನೆಗೊಮ್ಮೆ ಕೈಕೊಡದೆ ನಿಂತಿತು. "ಅವನಿಗೆ ಹಸಿವು ಉಂಟಾ?"

ಶ್ರಾವ್ಯ ಮರೆಯ ಹಿಂದೆ ಏನನ್ನೋ ನೋಡಿದಳು. "ರಾಕ್ಷಸರಿಗೆ ಯಾವಾಗ್ಲೂ ಹಸಿವು."

"ಹಾಗಾದರೆ ಬಾಳೆಯೆಲೆಯಲ್ಲಿ ಕಟ್ಟಿದ ಪಾರ್ಸೆಲ್ ಕೈಗೆ ಬಂದರೆ ಅವನು ಗದೆ ಎತ್ತುತ್ತಾನಾ, ಪಾರ್ಸೆಲ್ ನೋಡ್ತಾನಾ?"

"ಪಾರ್ಸೆಲ್ ಓಪನ್ ಮಾಡ್ತಾನೆ" ಎಂದಳು ಜೆನಿಫರ್.

"ಅವನ ಬೆರಳಿಗೆ ನನ್ನ ಗಂಟು ಬಿಚ್ಚುತ್ತದಾ?"

ಅಡುಗೆಮನೆಯಿಂದ ಸುಮತಿಯ ದನಿ ಬಂತು: "ಕಚ್ತಾನೆ! ಮತ್ತೆ ಇನ್ನೆಂತ ಮಾಡ್ತಾನೆ? ಸಣ್ಣದಿರುವಾಗ ನೀನು ಮಾಡಿದ್ದು ಅದೇ ಅಲ್ವಾ ಶ್ರಾವ್ಯಾ? ಅಪ್ಪ ತಂದ ಗೋಳಿಬಜೆ ಪೊಟ್ಟಣ ಬೆಳಿಗ್ಗೆ ಎದ್ದ ಕೂಡ್ಲೇ ಹಲ್ಲಿನಲ್ಲಿ ಕಚ್ಚುವುದು. ನಿನ್ನ ಒಂದು ಹಾಲುಹಲ್ಲು ಹೋದದ್ದೇ ಆ ನೂಲಿನಲ್ಲಿ." ಈ ಹಲ್ಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅವಳು ಪೊಟ್ಟಣ ಬಿಚ್ಚುವ ಹೊತ್ತಿಗೆ ನಾನು ಬೆಳಗಿನ ಪಾಳಿಗೆ ಲೋಕಲಿನಲ್ಲಿರುತ್ತಿದ್ದೆ. ಶ್ರಾವ್ಯ ನನ್ನನ್ನೇ ನೋಡುತ್ತಿದ್ದಳು. ನಾಲಿಗೆ ಅವಳಿಗೆ ಗೊತ್ತಿಲ್ಲದೆಯೇ ಒಂದು ಹಲ್ಲಿನ ಮೇಲೆ ಹೋಯಿತು. ಆಮೇಲೆ ಅವಳು ಒಂದೂ ಹಿಂದಿ ಶಬ್ದವಿಲ್ಲದೆ, ತಡೆದು ತಡೆದು, ಕನ್ನಡದಲ್ಲಿ ಹೇಳಿದಳು: "ರಾಕ್ಷಸ ಪೊಟ್ಟಣವನ್ನು ಬಾಯಿಗೆ ತರ್ತಾನೆ. ಗಂಟನ್ನು ಹಲ್ಲಿನಲ್ಲಿ ಕಚ್ತಾನೆ." ಅವಳು ರಟ್ಟಿನ ಮರೆಯನ್ನು ಬದಿಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ರಾಕ್ಷಸನ ಪರವಾಗಿ ದಾಳ ಉರುಳಿಸಿದಳು. ಅವನು ಖಾರ ತಡೆದುಕೊಂಡರೆ ನಾವು ಸತ್ತೆವು. ದಾಳದಲ್ಲಿ ಒಂದು ಬಿತ್ತು.

ಆ ರಾಕ್ಷಸ ಸೀನಿದ, ಕೆಮ್ಮಿದ, ಗದೆ ಬಿಸಾಡಿ ಕಣ್ಣುಜ್ಜಿಕೊಳ್ಳುತ್ತ ನೀರು ಹುಡುಕಿಕೊಂಡು ಓಡಿದ. ಪರಾಗ್ ನನ್ನನ್ನು ಕುರ್ಚಿ ಸಮೇತ ಅಪ್ಪಿಕೊಂಡ. ನನಗೆ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ. ಇಲ್ಲದ ಒಬ್ಬ ಅಡುಗೆಯವನು, ಇಲ್ಲದ ಒಂದು ಗುಹೆಯಲ್ಲಿ, ಇಲ್ಲದ ಒಬ್ಬ ರಾಕ್ಷಸನಿಂದ ಪಾರಾದದ್ದಕ್ಕೆ ನನ್ನ ಇರುವ ಎದೆಯ ಮೇಲಿಂದ ಒಂದು ಹಿಟ್ಟಿನ ಮೂಟೆ ಇಳಿಸಿದಂತಾಯಿತು. ಅಂದು ಮಧ್ಯಾಹ್ನ ಮೂರು ಗಂಟೆಗೆ ಊಟ ಮಾಡಿದೆ, ಸಾರಿಗೆ ಉಪ್ಪು ಕಡಿಮೆಯಿದ್ದರೂ ಹೇಳಲಿಲ್ಲ.

ನೆಮ್ಮದಿ ಒಂದು ವಾರ ಬಾಳಿತು. ಮುಂದಿನ ಆದಿತ್ಯವಾರ ಕರೆಗಂಟೆ ಬಾರಿಸಿ ಒಳಗೆ ಬಂದವನು ಕುಣಾಲ್. ಪುಣೆಯ ಕೆಲಸ ಮುಗಿದಿತ್ತು. ಎತ್ತರದ, ನಗುಮುಖದ, ದೂರಲು ಏನೂ ಸಿಗದ ಹುಡುಗ. ಅವನು ಬೆನ್ನಿನ ಚೀಲದಿಂದ ತನ್ನ ದಾಳ ತೆಗೆದು ಮೇಜಿನ ಬಳಿ ಬಂದು, ತನ್ನ ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿ "ನಮಸ್ತೆ ಅಂಕಲ್" ಎಂದು ನಿಂತುಕೊಂಡ. ಮೇಜಿಗೆ ಇರುವುದು ನಾಲ್ಕೇ ಕುರ್ಚಿ. ದೇಖೇಂಗೆ ಎಂದಿದ್ದಳಲ್ಲ, ನೋಡುವ ಗಳಿಗೆ ಬಂದಿತ್ತು. ನಾನು ಬಾಬಣ್ಣನ ಕಾಗದ ಮಡಚಿಕೊಂಡು, ಮೊಣಕಾಲು ಹಿಡಿದು ಎದ್ದೆ. ಎದ್ದೇಳುವಾಗ ಸ್ವಲ್ಪ ಹೆಚ್ಚೇ ನಿಧಾನ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಶ್ರಾವ್ಯ ಮೇಜನ್ನು ಒಂದು ಸಲ ಸುತ್ತ ನೋಡಿದಳು. ಒಳಗೆ ಹೋಗಿ ಬಾತ್‌ರೂಮಿನ ಪ್ಲಾಸ್ಟಿಕ್ ಸ್ಟೂಲು ತಂದು, ಒರೆಸಿ, ಕುಣಾಲನ ಕುರ್ಚಿಗೆ ತಾಗಿಸಿ ಮೂಲೆಯಲ್ಲಿಟ್ಟಳು. "ಪಪ್ಪಾ, ಶೇರಿಂಗ್. ಥೋಡಾ ಅಡ್ಜಸ್ಟ್." ಮುಂಬೈಯ ಹೋಟೆಲುಗಳಲ್ಲಿ ರಶ್ಶಿನ ಹೊತ್ತಿಗೆ ಇದೇ ಕ್ರಮ: ಒಬ್ಬರು ತಿನ್ನುತ್ತಿರುವ ಮೇಜಿಗೆ ಗುರುತು ಪರಿಚಯವಿಲ್ಲದ ಇನ್ನೊಬ್ಬರನ್ನು ತಂದು ಕೂರಿಸುವುದು. ನಾನು ಗಲ್ಲದಿಂದ ಕೈ ಮಾಡಿ ಎಷ್ಟು ಜನರನ್ನು ಹಾಗೆ ಕೂರಿಸಿದ್ದೆನೋ ಲೆಕ್ಕವಿಲ್ಲ. ಕೂತವರಿಗೆ ಹೇಗಿರುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ಮೇಜಿನ ಕಾಲು ನನ್ನ ಎರಡು ಮೊಣಕಾಲುಗಳ ಮಧ್ಯೆ ಬಂತು. ಕುಣಾಲ್ ತನ್ನ ನೀರಿನ ಬಾಟಲಿಯನ್ನು ಒಂದಿಷ್ಟು ಈಚೆಗೆ ಎಳೆದುಕೊಂಡ. ನಾನು ಮೊಣಕೈ ಮುದುಡಿ, ಅವನಿಗೆ ತೊಂದರೆಯಾಗದ ಹಾಗೆ ಕೂತು, ತುಂಬ ವಿನಯದಿಂದ ನಕ್ಕೆ.

ಕಾಫಿ ಮುಗಿದ ಮೇಲೂ ಏಳದೆ ಕೂತ ಗಿರಾಕಿಗಳನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು. ಬಿಲ್ಲು ಇಟ್ಟು ಬಾ, ಲೋಟ ತೆಗೆ, ಮೇಜು ಒರೆಸು ಎಂದು ಹುಡುಗರಿಗೆ ಗಲ್ಲದಿಂದಲೇ ಕಣ್ಣು ಮಾಡುತ್ತಿದ್ದೆ. ಆವತ್ತು ಆಟ ಮುಗಿಯಿತು, ಪರಾಗ್ ಹೋದ, ಜೆನಿಫರ್ ಹೋದಳು, ಕುಣಾಲನೂ ಎದ್ದ. ಸುಮತಿ ಒದ್ದೆ ಬಟ್ಟೆ ತಂದು ಮೇಜನ್ನು ನನ್ನ ಮೊಣಕೈಯ ತನಕ ಒರೆಸಿ, ನಿಂತು, ಕೆಮ್ಮಿದಳು. ನಾನು ಸ್ಟೂಲು ಬಿಟ್ಟು ಏಳಲಿಲ್ಲ.